ಆರು ಪೆನ್ನಿಯ ಪಾದ್ರಿ ಹೆನ್ರಿ ಡಂಕನ್

ಸಂಘ ಅಂದ ಕೂಡಲೇ ನಮ್ಮ ಜನಕ್ಕೆ ಮೊದಲು ನೆನಪಾಗೋದು ಸಾಲ. ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ, ಎತ್ತು ಕೊಳ್ಳಲು ಸಾಲ. ಆದರೆ ಕೊಡುವ ದುಡ್ಡು ಎಲ್ಲಿಂದ ಬರಬೇಕು? ಯಾರಾದರೂ ಉಳಿಸಿ ಇಟ್ಟರೆ ತಾನೇ ಇನ್ನೊಬ್ಬರ ಕೈಗೆ ಕೊಡಲು ಬರುವುದು! ಬಡವನೂ ಉಳಿಸಬಲ್ಲ ಎಂಬುದನ್ನು ಇನ್ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ ಒಬ್ಬ ಹಳ್ಳಿ ಪಾದ್ರಿಯ ಜೀವನ ಕಥೆಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಅವರ ಹೆಸರು ರೆವರೆಂಡ್ ಹೆನ್ರಿ ಡಂಕನ್. ಬ್ರಿಟನ್ನಿನ ಉತ್ತರಕ್ಕಿರುವ ಸ್ಕಾಟ್ಲೆಂಡ್ ದೇಶದ ಲೊಕ್ರಟನ್ ಎಂಬ ಹಳ್ಳಿಯಲ್ಲಿ 1774ರಲ್ಲಿ ಹುಟ್ಟಿದರು. ತಂದೆಯೂ ಅಲ್ಲಿ ಪಾದ್ರಿಯಾಗಿದ್ದರು. ಹುಡುಗ ಓದಿನಲ್ಲಿ ಚುರುಕು. ಅಣ್ಣಂದಿರು ಲಿವರ್‌ಪೂಲ್ ಪಟ್ಟಣದಲ್ಲಿ ವ್ಯಾಪಾರದಲ್ಲಿದ್ದುದರಿಂದ ಇವರನ್ನೂ ಅಲ್ಲಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿಸಿದರು. ಸುಮಾರು ಮೂರು ವರ್ಷ ಲೆಕ್ಕ ಬರೆದರು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನೌಕರಿ ಬಿಟ್ಟು ಬಂದು ಧರ್ಮಶಾಸ್ತ್ರ ಓದಿ, 1799ರಲ್ಲಿ ರತ್‌ವೆಲ್ ಎಂಬ ಹಳ್ಳಿಯ ಚರ್ಚಿಗೆ ಪಾದ್ರಿಯಾದರು. ಬಿಟ್ಟು ಬಂದ ಬ್ಯಾಂಕಿನ ವಿದ್ಯೆ ಮುಂದೆ ಊರಿಗೇ ಉಪಕಾರವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ರತ್‌ವೆಲ್ ಬಡ ಊರು. ಜನ ಹೆಚ್ಚಾಗಿ ಕೂಲಿಯವರು, ಸಣ್ಣ ಹಿಡುವಳಿಯವರು. ಆ ಕಾಲದಲ್ಲಿ ಬೆಳೆ ಕೆಟ್ಟು ಧಾನ್ಯದ ಬೆಲೆ ಕೈಗೆ ಸಿಗದಷ್ಟು ಏರಿತ್ತು. ಪಾದ್ರಿಗಳು ಲಿವರ್‌ಪೂಲಿನ ಅಣ್ಣಂದಿರ ಮೂಲಕ ಧಾನ್ಯ ತರಿಸಿ, ಲಾಭ ನೋಡದೆ ಊರಿಗೆ ಹಂಚಿದರು. ಚರ್ಚಿನ ಜಮೀನಿನಲ್ಲಿ ತಾವೇ ನಿಂತು ಒಳ್ಳೆಯ ಸಾಗುವಳಿ ಮಾಡಿ ತೋರಿಸಿದರು. ದೊಡ್ಡವರಿಗೆ ಸಂಜೆ ಹೊತ್ತು ಪಾಠ ಹೇಳಿದರು. 1809ರಲ್ಲಿ ಒಂದು ವಾರಪತ್ರಿಕೆಯನ್ನೂ ಶುರು ಮಾಡಿಸಿದರು.

ಇಷ್ಟೆಲ್ಲಾ ಮಾಡಿದರೂ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಕಷ್ಟ ಬಂದಾಗಲೆಲ್ಲ ಊರಿನವರು ಇನ್ನೊಬ್ಬರ ಮುಂದೆ ಕೈ ಚಾಚಿದರೆ ಅವರ ಮರ್ಯಾದೆ ಏನಾಯಿತು? ಇಂಗ್ಲೆಂಡಿನಲ್ಲಿ ಬಡವರ ಪೋಷಣೆಗೆಂದು ಕಡ್ಡಾಯ ತೆರಿಗೆ ಇತ್ತು. ಆ ಪದ್ಧತಿ ತಮ್ಮ ಕಡೆಗೂ ಬಂದರೆ ದುಡಿಯುವವನ ಸ್ವಾಭಿಮಾನ ಕುಗ್ಗುತ್ತದೆ ಎಂಬುದು ಅವರ ಭಯ. ಕೂಲಿಯವನಿಗೆ ಕೈಯಲ್ಲಿ ನಾಲ್ಕು ಕಾಸು ಇರುವಾಗ ಅದನ್ನು ಇಡಲು ಒಂದು ಜಾಗ ಬೇಕು ಅಂತ ಅವರಿಗೆ ಅನ್ನಿಸಿತು.

ಬ್ಯಾಂಕುಗಳು ಇರಲಿಲ್ಲವೇ? ಇದ್ದವು. ಆದರೆ 10 ಪೌಂಡಿಗಿಂತ ಕಡಿಮೆ ಹಣವನ್ನು ಅವು ಠೇವಣಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಕೂಲಿಯವನು ಅಷ್ಟು ದುಡ್ಡು ಒಟ್ಟಿಗೆ ಕಾಣುವುದು ಯಾವಾಗ? ಡಂಕನ್ನರು 1810ರಲ್ಲಿ ರತ್‌ವೆಲ್‌ನ ಒಂದು ಚಿಕ್ಕ ಮನೆಯಲ್ಲಿ ಉಳಿತಾಯ ಬ್ಯಾಂಕು ತೆರೆದರು. ಆರು ಪೆನ್ನಿ ತಂದರೂ ಸಾಕು, ಲೆಕ್ಕ ಬರೆದುಕೊಳ್ಳುತ್ತಿದ್ದರು. ಆಗಿನ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ದೊಡ್ಡ ಬ್ಯಾಂಕು ಕೇಳುತ್ತಿದ್ದ ಹಣದ 400ರಲ್ಲಿ ಒಂದು ಪಾಲು! ಈ ಒಂದು ಲೆಕ್ಕದಲ್ಲಿ ಬಡವನಿಗೆ ಬಾಗಿಲು ತೆರೆಯಿತು.

ಇವರಿಗಿಂತ ಮೊದಲೂ ಕೆಲವು ಕಡೆ ಇಂಥ ಪ್ರಯತ್ನ ನಡೆದಿತ್ತು. ಆದರೆ ಅವು ಹೆಚ್ಚಾಗಿ ಉಳ್ಳವರ ಧರ್ಮದ ಹಣದ ಮೇಲೆ ನಿಂತಿದ್ದವು. ಇವರ ಬ್ಯಾಂಕು ತನ್ನ ಕಾಲ ಮೇಲೆ ತಾನು ನಿಂತಿತು. ಅದರ ಒಳಮರ್ಮ ಬಹಳ ಸರಳ. ಊರಿನ ಚಿಲ್ಲರೆ ಹಣವನ್ನೆಲ್ಲ ಒಟ್ಟು ಮಾಡಿ ದೊಡ್ಡ ಬ್ಯಾಂಕಿನಲ್ಲಿ ಇಟ್ಟರೆ ನೂರಕ್ಕೆ ಐದರಂತೆ ಬಡ್ಡಿ ಸಿಗುತ್ತಿತ್ತು. ಕಟ್ಟಿದವರಿಗೆ ನೂರಕ್ಕೆ ನಾಲ್ಕು ಕೊಟ್ಟು, ಉಳಿದ ಒಂದರಲ್ಲಿ ಖರ್ಚು ವೆಚ್ಚ ನೋಡಿಕೊಳ್ಳುತ್ತಿದ್ದರು. ಹಣ ಇಡುವ ಪೆಟ್ಟಿಗೆಗೆ ಒಂದಕ್ಕಿಂತ ಹೆಚ್ಚು ಬೀಗ. ಒಬ್ಬನೇ ಬಂದು ತೆಗೆಯುವ ಹಾಗಿಲ್ಲ. ಪಾದ್ರಿಗಳು ತಾವು ಒಂದು ಕಾಸೂ ಪಡೆಯದೆ ದುಡಿದರು. ಸದಸ್ಯ ಬಾಂಧವರೇ, ನಂಬಿಕೆ ಬೇರೆ, ಲೆಕ್ಕ ಬೇರೆ ಎಂಬುದನ್ನು ಈ ಬೀಗಗಳಿಂದ ನಾವು ಕಲಿಯಬೇಕು. ಇಡೀ ಊರು ನಂಬಿದ ಪಾದ್ರಿಯೇ ಪೆಟ್ಟಿಗೆಗೆ ಹಲವು ಬೀಗ ಹಾಕಿಸಿದ ಮೇಲೆ ಆಡಳಿತ ಮಂಡಳಿಯವರಾದ ನಾವು ಲೆಕ್ಕ ತೋರಿಸಲು ಹಿಂಜರಿಯಬಾರದು.

ಮೊದಲನೇ ವರ್ಷ ಜಮೆಯಾದದ್ದು 151 ಪೌಂಡು. ನಾಲ್ಕನೇ ವರ್ಷಕ್ಕೆ 922 ಪೌಂಡು. ಪುಡಿಗಾಸು ಸೇರಿ ಇಷ್ಟಾಯಿತು. ಸುದ್ದಿ ಹಬ್ಬಿತು. 1815ರಲ್ಲಿ ಈ ಬ್ಯಾಂಕು ನಡೆಸುವ ಕ್ರಮವನ್ನು ಡಂಕನ್ನರು ಪುಸ್ತಕವಾಗಿ ಬರೆದರು. ಎಲ್ಲೆಲ್ಲಿಂದಲೋ ಬಂದ ಪತ್ರಗಳಿಗೆ ಕೈಯಿಂದ ಅಂಚೆ ಖರ್ಚು ಹಾಕಿ ಉತ್ತರಿಸಿದರು. 1816ರ ಹೊತ್ತಿಗೆ ಸಮುದ್ರದಾಚೆ ಅಮೆರಿಕದ ಬೋಸ್ಟನ್, ಫಿಲಡೆಲ್ಫಿಯಾ ನಗರಗಳಲ್ಲೂ ಉಳಿತಾಯ ಬ್ಯಾಂಕುಗಳು ಹುಟ್ಟಿದವು. ಬಡವರ ಠೇವಣಿಗೆ ಕಾನೂನಿನ ರಕ್ಷಣೆ ಬೇಕೆಂದು ಪಾದ್ರಿಗಳು ಲಂಡನ್ನಿನವರೆಗೆ ಹೋಗಿ ಓಡಾಡಿದರು. 1819ರಲ್ಲಿ ಸ್ಕಾಟ್ಲೆಂಡಿನ ಉಳಿತಾಯ ಬ್ಯಾಂಕುಗಳಿಗೆ ಕಾಯಿದೆ ಬಂತು.

ಅವರು ಬರೀ ದುಡ್ಡಿನ ಮನುಷ್ಯರಲ್ಲ. ರತ್‌ವೆಲ್‌ನಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಕಲ್ಲಿನ ಶಿಲುಬೆ ಇತ್ತು. ಅದನ್ನು 1642ರಲ್ಲಿ ಧರ್ಮದ ಜಗಳದಲ್ಲಿ ಒಡೆದು ಹಾಕಿದ್ದರು. ಅದರ ಚೂರುಗಳನ್ನು ಹುಡುಕಿ ಜೋಡಿಸಿ ತಮ್ಮ ಮನೆ ತೋಟದಲ್ಲಿ ನಿಲ್ಲಿಸಿದವರು ಇವರೇ. ಕಲ್ಲು ಗಣಿಯಲ್ಲಿ ಸಿಕ್ಕ ಪುರಾತನ ಪ್ರಾಣಿಗಳ ಹೆಜ್ಜೆ ಗುರುತನ್ನು 1828ರಲ್ಲಿ ವಿದ್ವಾಂಸರ ಸಭೆಗೆ ತಿಳಿಸಿದವರೂ ಇವರೇ.

ಮುಪ್ಪಿನಲ್ಲಿ ದೊಡ್ಡ ಪರೀಕ್ಷೆ ಬಂತು. ಊರಿನ ಚರ್ಚಿಗೆ ಪಾದ್ರಿಯನ್ನು ಆರಿಸುವವರು ಯಾರು, ಜಮೀನುದಾರರೋ ಅಥವಾ ಸಭೆಯ ಜನರೋ ಎಂಬ ವಿವಾದ ಸ್ಕಾಟ್ಲೆಂಡಿನಲ್ಲೆಲ್ಲ ಬೆಳೆಯಿತು. ಜನರ ಇಚ್ಛೆಗೆ ವಿರುದ್ಧವಾಗಿ ಯಾರನ್ನೂ ಹೇರಬಾರದು ಎನ್ನುವವರ ಕಡೆ ಡಂಕನ್ನರು ನಿಂತರು. 1843ರಲ್ಲಿ 400ಕ್ಕೂ ಹೆಚ್ಚು ಪಾದ್ರಿಗಳು ಹಳೆಯ ಚರ್ಚನ್ನು ಬಿಟ್ಟು ಹೊರಬಂದರು. ಅವರಲ್ಲಿ ಇವರೂ ಒಬ್ಬರು. ಆಗ ಇವರಿಗೆ 68 ವರ್ಷ. 44 ವರ್ಷ ಸೇವೆ ಮಾಡಿದ ಚರ್ಚು, ಸಂಬಳ, ಕೈಯಾರೆ ಬೆಳೆಸಿದ ತೋಟ, ತಾವೇ ನಿಲ್ಲಿಸಿದ ಶಿಲುಬೆ, ಎಲ್ಲವನ್ನೂ ಬಿಟ್ಟು ಚಿಕ್ಕ ಮನೆಗೆ ಹೋದರು. ಆ ವಯಸ್ಸಿನಲ್ಲಿ ಹೊಸ ಚರ್ಚು ಕಟ್ಟಿಸುವ ಕೆಲಸಕ್ಕೆ ನಿಂತರು. 1846ರ ಫೆಬ್ರವರಿಯಲ್ಲಿ ಪ್ರಾರ್ಥನಾ ಸಭೆಯಲ್ಲಿ ಮಾತಾಡುತ್ತಿರುವಾಗಲೇ ಲಕ್ವ ಹೊಡೆದು, ಕೆಲವೇ ದಿನಗಳಲ್ಲಿ ತೀರಿಕೊಂಡರು.

ನಮ್ಮ ಸಹಕಾರ ಸಂಘಗಳು ಬೇರೆ ದಾರಿಯಲ್ಲಿ ಬಂದವು ನಿಜ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ನಮಗೆಲ್ಲ ಹಿರಿಯಣ್ಣ. ಆದರೆ ನಮ್ಮ ದುಡ್ಡನ್ನು ನಾವೇ ಕೂಡಿಸಿ ನಾವೇ ಕಾಯಬೇಕು ಎಂಬ ಬುದ್ಧಿ ಎರಡೂ ಕಡೆ ಒಂದೇ.

ಉಳಿತಾಯ ಒಂದರಿಂದಲೇ ಬಡತನ ಹೋಗದು. ಕೂಲಿಯೇ ಇಲ್ಲದ ದಿನ ಯಾರು ಏನು ಉಳಿಸಿಯಾರು? ಅದು ಡಂಕನ್ನರಿಗೂ ಗೊತ್ತಿತ್ತು, ಅದಕ್ಕೇ ಬರದ ವರ್ಷ ಧಾನ್ಯ ತರಿಸಿದರು. ಬರ ಬಂದು ಬೆಳೆ ಹೋದಾಗ ಸರ್ಕಾರದ ಸಹಾಯ ಕೇಳುವುದು ರೈತನ ಹಕ್ಕು, ಕೇಳೋಣ. ಆದರೆ ಮಳೆ ಬಂದ ವರ್ಷ, ಮಾಲಿಗೆ ಬೆಲೆ ಸಿಕ್ಕ ವರ್ಷ ವಾಯಿದೆಗೆ ಸರಿಯಾಗಿ ಕಂತು ಕಟ್ಟಿ, ಹತ್ತೋ ಇಪ್ಪತ್ತೋ ರೂಪಾಯಿ ಸಂಘದಲ್ಲಿ ಠೇವಣಿ ಇಡೋಣ. ಇಂದು ಒಬ್ಬರು ಇಟ್ಟದ್ದು ನಾಳೆ ಪಕ್ಕದ ಮನೆಯವರ ಬಿತ್ತನೆಗೆ ಆಗುತ್ತದೆ. ಸಣ್ಣ ಮೊತ್ತ ಅಂತ ಯಾರೂ ನಾಚಬೇಡಿ, ಕೌಂಟರಿನಲ್ಲಿ ಕೂತವರೂ ಸಣ್ಣ ಮೊತ್ತವೆಂದು ಅಸಡ್ಡೆ ಮಾಡದಿರಲಿ.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ಮುಗಿಸುತ್ತೇನೆ. ಜೈ ಸಹಕಾರ.