ಎರಡು ಭಾಷೆಗೆ ಒಬ್ಬರೇ ಪಂತುಲು

ಕೆ.ಜಿ.ಎಫ್. ತಮಿಳರಿಗೆ ಬಿ.ಆರ್. ಪಂತುಲು ಅಂದ್ರೆ 1964ರ ‘ಕರ್ಣನ್’, ಬಂಗಾರಪೇಟೆ ಕನ್ನಡಿಗರಿಗೆ 1961ರ ‘ಕಿತ್ತೂರು ಚೆನ್ನಮ್ಮ’. ಆಸಾಮಿ ಮಾತ್ರ ಒಬ್ಬರೇ, ಅದೂ ನಮ್ಮ ಗಡಿ ಸೀಮೆಯವರು!

1910ರಲ್ಲಿ ಹುಟ್ಟಿ, ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿ, 1936ರ ‘ಸಂಸಾರ ನೌಕ’ದಲ್ಲಿ ನಟಿಸಿದರು. ಆಮೇಲೆ ಪದ್ಮಿನಿ ಪಿಕ್ಚರ್ಸ್ ಕಟ್ಟಿದರು. ಪುಟ್ಟಣ್ಣ ಕಣಗಾಲ್ ಪಳಗಿದ್ದೂ ಇವರ ಕೈಕೆಳಗೇ. 1974ರಲ್ಲಿ ತೀರಿಕೊಂಡರು.

ವಾರಕ್ಕೊಂದರಂತೆ ಇವರ ಚಿತ್ರ ನೋಡ್ತಾ ಕೂತರೆ ವರ್ಷವೇ ಕಳೆಯುತ್ತೆ. ಎಲ್ಲರೂ ‘ಶ್ರೀಕೃಷ್ಣದೇವರಾಯ’ದ ವೈಭವ ಹೊಗಳ್ತಾರೆ. ನಾನಾದರೆ 1955ರ ‘ಮೊದಲ ತೇದಿ’ಯಿಂದ ಶುರುಮಾಡಿ ಅಂತೀನಿ. ಕೆಲಸ ಹೋದ ಸಂಬಳಗಾರನ ಸಂಸಾರದ ಕಥೆ ಅದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮೊದಲ ತೇದಿಗೆ ಕೈ ಬರಿದಾದ ಮನೆಗಳಿಗೆ ಬಿಡಿಸಿ ಹೇಳಬೇಕೇ? ಆ ಮನೆಗಳ ಮಕ್ಕಳು ಬಂಗಾರಪೇಟೆ ಮೇಲಿನ ರೈಲಲ್ಲಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ.