ಬಾಟಲಿಯಲ್ಲಿ ತೋಟ ಕಂಡ ಡಾಕ್ಟರು

ಅಂಬರನಾಥದ ನಮ್ಮ ಮನೆಯ ಗ್ಯಾಲರಿಯಲ್ಲಿ ತುಳಸಿ, ಮನಿಪ್ಲಾಂಟ್, ಲೋಳೆಸರ ಎಲ್ಲವೂ ಹೇಗೋ ಒಗ್ಗಿಕೊಂಡಿವೆ. ಒಗ್ಗದೇ ಹೋದದ್ದು ಅಮ್ಮನ ಮನೆಯ ಜರೀಗಿಡ ಒಂದೇ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡರು. ತೀರ್ಥಹಳ್ಳಿ ಕಡೆಯ ಆ ಮನೆಗೆ ಬೀಗ ಹಾಕುವ ದಿನ ಬಾವಿಕಟ್ಟೆಯ ಸಂದಿಯಲ್ಲಿದ್ದ ಜರೀಗಿಡವನ್ನೂ ಒಂದು ಹಿಡಿ ಪಾಚಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ತವರಿನಿಂದ ನಾನು ತಂದದ್ದು ಅಷ್ಟೇ.

ಕುಂಡದಲ್ಲಿ ನೆಟ್ಟೆ. ಹದಿನೈದು ದಿನಕ್ಕೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಇಲ್ಲಿನ ಬೇಸಿಗೆ, ರಸ್ತೆಯ ಧೂಳು, ಕೆಲವು ರಾತ್ರಿ ಕಿಟಕಿ ಮುಚ್ಚಿಸುವ ಕೆಮಿಕಲ್ ವಾಸನೆ ನಿಮಗೂ ಹೊಸದಲ್ಲ. ಆಗ ಒಂದು ದಿನ ಆಫೀಸಿನ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಟೆರೇರಿಯಂ ಬಗ್ಗೆ ಓದುತ್ತಾ ಕುಳಿತವಳಿಗೆ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ಡಾಕ್ಟರರ ಪರಿಚಯವಾಯಿತು. ಗಾಜಿನೊಳಗೆ ಗಿಡ ಬೆಳೆಸುವವರಿಗೆಲ್ಲ ಅವರೇ ಮೂಲಪುರುಷ. ಅವರ ಕಷ್ಟವೂ ನನ್ನದೂ ಒಂದೇ ಎಂದು ತಿಳಿದಾಗ ನಿದ್ದೆ ಹಾರಿಹೋಯಿತು.

ವಾರ್ಡ್ ಹುಟ್ಟಿದ್ದು 1791ರಲ್ಲಿ, ಲಂಡನ್ನಿನಲ್ಲಿ. ತಂದೆಯೂ ವೈದ್ಯರೇ. ಹದಿಮೂರನೇ ವಯಸ್ಸಿನಲ್ಲಿ ಹುಡುಗ ಹಡಗು ಹತ್ತಿ ಜಮೈಕಾಕ್ಕೆ ಹೋಗಿಬಂದ. ಅಲ್ಲಿನ ತಾಳೆಮರಗಳು, ಜರೀಗಿಡಗಳು ಅವನ ತಲೆಯಲ್ಲಿ ಶಾಶ್ವತವಾಗಿ ಕುಳಿತುಬಿಟ್ಟವು. ನಾವಿಕನಾಗಲಿಲ್ಲ, ತಂದೆಯ ದಾರಿಯಲ್ಲೇ ವೈದ್ಯನಾದ. ಆದರೆ ಗಿಡದ ಹುಚ್ಚು ಬಿಡಲಿಲ್ಲ.

ಅವರು ವೈದ್ಯವೃತ್ತಿ ನಡೆಸುತ್ತಿದ್ದ ವೆಲ್‌ಕ್ಲೋಸ್ ಸ್ಕ್ವೇರ್ ಲಂಡನ್ನಿನ ಪೂರ್ವ ಭಾಗದಲ್ಲಿ, ಬಂದರಿನ ಸಮೀಪವಿತ್ತು. ಸುತ್ತಮುತ್ತ ಕೂಲಿಕಾರರು, ನಾವಿಕರು, ಬಡವರು. ಮೇಲೆ ಕಲ್ಲಿದ್ದಲಿನ ಹೊಗೆ. ಮನೆಯ ಹಿಂದಿನ ಅಂಗಳದಲ್ಲಿ ಕಲ್ಲು ಜೋಡಿಸಿ, ನೀರು ಜಿನುಗುವಂತೆ ಮಾಡಿ, ಜರೀಗಿಡ, ಪಾಚಿಗಳನ್ನು ಬೆಳೆಸಲು ಡಾಕ್ಟರು ಬಹಳ ಪ್ರಯತ್ನಪಟ್ಟರು. ಹೊಗೆ ಎಲ್ಲವನ್ನೂ ಕೊಂದಿತು. ಕೊನೆಗೆ ಆ ಆಸೆಯನ್ನೇ ಬಿಟ್ಟರು.

ಪರಿಹಾರ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. 1829ರಲ್ಲಿ ಅವರು ಒಂದು ಪತಂಗದ ಕೋಶವನ್ನು ಅಗಲ ಬಾಯಿಯ ಗಾಜಿನ ಬಾಟಲಿಯೊಳಗೆ, ಒದ್ದೆ ಮಣ್ಣಿನಲ್ಲಿ ಹುದುಗಿಸಿ ಮುಚ್ಚಳ ಹಾಕಿಟ್ಟರು. ಪತಂಗ ಹೊರಬರುವುದನ್ನು ನೋಡಬೇಕು, ಅಷ್ಟೇ ಉದ್ದೇಶ. ದಿನಾ ಬಾಟಲಿಯನ್ನು ಗಮನಿಸುತ್ತಿದ್ದವರಿಗೆ ಒಂದು ಸಂಗತಿ ಕಂಡಿತು. ಹಗಲಿನ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಮೇಲೇಳುತ್ತದೆ, ಗಾಜಿಗೆ ಹನಿಯಾಗಿ ಅಂಟಿಕೊಳ್ಳುತ್ತದೆ, ಮತ್ತೆ ಇಳಿದು ಮಣ್ಣು ಸೇರುತ್ತದೆ. ನೀರು ಖರ್ಚೇ ಆಗುವುದಿಲ್ಲ. ಪತಂಗ ಬರುವ ಮೊದಲೇ ಮಣ್ಣಿನಲ್ಲಿ ಎರಡು ಹಸಿರು ಮೊಳಕೆ ಕಂಡವು: ಒಂದು ಜರೀಗಿಡ, ಒಂದು ಹುಲ್ಲು. ಅಂಗಳದಲ್ಲಿ ಎಷ್ಟು ಆರೈಕೆ ಮಾಡಿದರೂ ಬದುಕದಿದ್ದ ಗಿಡ, ಮುಚ್ಚಿದ ಬಾಟಲಿಯಲ್ಲಿ ತಾನಾಗಿ ಹುಟ್ಟಿತ್ತು.

ಅವರು ಬಾಟಲಿಯನ್ನು ಓದುವ ಕೋಣೆಯ ಕಿಟಕಿಯ ಹೊರಗಿಟ್ಟರು. ಒಂದು ತೊಟ್ಟು ನೀರು ಹಾಕದೆ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಡಾಕ್ಟರು ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳನುಗ್ಗಿ ಸತ್ತವು.

ಇದನ್ನು ಓದುವಾಗ ನಾನು ಮೊಬೈಲ್ ಕೆಳಗಿಟ್ಟೆ. ಏಕೆಂದರೆ ಅದರ ಹಿಂದಿನ ವಾರವಷ್ಟೇ ನಾನು ಅಳಿದುಳಿದ ಜರೀಗಿಡವನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ಹಾಕಿ, ಪ್ರೀತಿ ಹೆಚ್ಚಾಗಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ದೆ. ಬುಡ ಕೊಳೆಯತೊಡಗಿತ್ತು. ಡಾಕ್ಟರ ಗಿಡವೂ ಬಾಯಾರಿ ಸಾಯಲಿಲ್ಲ, ನೀರು ಹೆಚ್ಚಾಗಿ ಸತ್ತಿತು. ಎಂ.ಟೆಕ್. ಓದಿದ ನನಗೆ ಮುಚ್ಚಿದ ವ್ಯವಸ್ಥೆಯಲ್ಲಿ ಹಾಕಿದ್ದು ಹೊರಗೆ ಹೋಗುವುದಿಲ್ಲ ಎಂಬ ಸರಳ ಲೆಕ್ಕ ಹೊಳೆಯದೇ ಹೋಗಿತ್ತು!

ವಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಹ್ಯಾಕ್ನಿಯ ಲಾಡಿಜಸ್ ನರ್ಸರಿಯವರ ನೆರವಿನಿಂದ ಗಾಜಿನ ಪೆಟ್ಟಿಗೆಗಳಲ್ಲಿ ಬಗೆಬಗೆಯ ಗಿಡ ಬೆಳೆಸಿ ನೋಡಿದರು. ಆ ಕಾಲದಲ್ಲಿ ಹಡಗಿನಲ್ಲಿ ಸಾಗಿಸಿದ ಗಿಡಗಳು ಉಪ್ಪುಗಾಳಿಗೆ ಸಿಕ್ಕಿ, ಸಿಹಿನೀರಿಲ್ಲದೆ ದಾರಿಯಲ್ಲೇ ಒಣಗುತ್ತಿದ್ದವು. 1833ರಲ್ಲಿ ವಾರ್ಡ್ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ, ಹುಲ್ಲು ತುಂಬಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ತಿಂಗಳುಗಟ್ಟಲೆ ಪ್ರಯಾಣ ಮಾಡಿ ಅವು ಹಸಿರಾಗಿಯೇ ತಲುಪಿದವು. ಅದೇ ಪೆಟ್ಟಿಗೆಗಳಲ್ಲಿ ಅಲ್ಲಿನ ಗಿಡಗಳು 1834ರಲ್ಲಿ ಮರಳಿ ಹೊರಟವು. ಕೇಪ್ ಹಾರ್ನ್ ಬಳಿ ಡೆಕ್ಕಿನ ಮೇಲೆ ಹಿಮ, ಸಮಭಾಜಕ ವೃತ್ತದ ಬಳಿ ಉರಿಬಿಸಿಲು. ಎರಡನ್ನೂ ದಾಟಿ ಲಂಡನ್ ಮುಟ್ಟಿದಾಗ ಗಿಡಗಳು ಚೆನ್ನಾಗಿಯೇ ಇದ್ದವು. 1838ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಈ ಪೆಟ್ಟಿಗೆಯ ಬಗ್ಗೆಯೇ ಉಪನ್ಯಾಸ ಕೊಟ್ಟರು. 1842ರಲ್ಲಿ ವಾರ್ಡ್ ತಮ್ಮ ಅನುಭವವನ್ನೆಲ್ಲ ಪುಸ್ತಕವಾಗಿ ಬರೆದರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು.

ಯಾರು ಯಾರೋ ಮಾಡಿಕೊಂಡರು. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ್ದು ಈ ಪೆಟ್ಟಿಗೆಗಳಲ್ಲಿ. 1876ರಲ್ಲಿ ಕ್ಯೂ ತೋಟದಿಂದ ರಬ್ಬರ್ ಸಸಿಗಳು ಸಿಲೋನಿಗೆ ಬಂದದ್ದೂ ಹೀಗೆಯೇ. ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳನ್ನು 1860ರ ಸುಮಾರಿಗೆ ನೀಲಗಿರಿಗೆ ತಂದಾಗ ಮೊದಲ ತಂಡ ಬಿಸಿಲಿಗೆ ಹಾಳಾಯಿತು, ಮುಂದಿನದು ಬೇರೂರಿತು. ಸಿಂಕೋನಾ ತೊಗಟೆಯಿಂದಲೇ ಕ್ವಿನೈನ್. ನಮ್ಮ ಮಲೆನಾಡಿನಲ್ಲಿ ಚಳಿಜ್ವರ ಮನೆಮನೆಗಳನ್ನು ಬರಿದು ಮಾಡಿದ ಕಥೆಗಳನ್ನು ಅಜ್ಜಿ ಹೇಳುತ್ತಿದ್ದರು. ಕ್ವಿನೈನ್ ಎಂದರೆ ಅವರ ಮುಖವೇ ಕಹಿಯಾಗುತ್ತಿತ್ತು. ಆ ಕಹಿಗೂ ಲಂಡನ್ನಿನ ಈ ಬಾಟಲಿಗೂ ನಂಟಿದೆ ಎಂದು ಅಜ್ಜಿಗೆ ಹೇಳಲು ಈಗ ಅವರಿಲ್ಲ.

ಎಲ್ಲವೂ ಒಳ್ಳೆಯದೇ ಆಯಿತೆಂದಲ್ಲ. ಪೆಟ್ಟಿಗೆಯ ಮಣ್ಣಿನೊಂದಿಗೆ ಕೀಟಗಳೂ ರೋಗಗಳೂ ಖಂಡ ದಾಟಿದವು. ಆಳುವವರ ತೋಟಗಳು ಬೆಳೆದವು, ಅಲ್ಲಿ ದುಡಿದವರ ಬದುಕು ಬೆಳೆಯಲಿಲ್ಲ. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ಹೋದ ಮೇಲೆ ಶ್ರೀಮಂತರ ಹಜಾರಗಳಲ್ಲಿ ಚಂದದ ಗಾಜಿನ ಪೆಟ್ಟಿಗೆಗಳು ಮೆರೆದವು. ಡಾಕ್ಟರ ಆಸೆ ಬೇರೆಯೇ ಇತ್ತು. ತಮ್ಮ ರೋಗಿಗಳಾದ ಬಡವರ ಕತ್ತಲೆ ಕೋಣೆಗಳ ಕಿಟಕಿಯಲ್ಲಿ ಒಂದಿಷ್ಟು ಹಸಿರು ಇರಲಿ, ಅವರಿಗೂ ಬೆಳಕು, ಒಳ್ಳೆಯ ಗಾಳಿ ಸಿಗಲಿ ಎಂದು ಅವರು ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದರು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಹದಿನೆಂಟು ವರ್ಷ ನೀರು ಕಾಣದ ಗಿಡಗಳ ಬಾಟಲಿಯನ್ನು ಇಟ್ಟರು. 1852ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ಕೊನೆಗಾಲದಲ್ಲಿ ಹೊಗೆಯಿಂದ ದೂರ, ಕ್ಲಾಪಮ್ಮಿನಲ್ಲಿ ತೋಟದ ಮನೆ ಮಾಡಿದರು. 1868ರಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್ ನಾರ್ವುಡ್ ಸ್ಮಶಾನದ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಆದರೆ ದಕ್ಷಿಣ ಆಫ್ರಿಕಾದ ಒಂದು ಪಾಚಿಗೆ ವಾರ್ಡಿಯಾ ಎಂಬ ಹೆಸರಿದೆ. ಗಿಡ ಪ್ರೀತಿಸಿದವರಿಗೆ ಅದಕ್ಕಿಂತ ಒಳ್ಳೆಯ ಕಲ್ಲು ಯಾವುದಿದೆ?

ನನ್ನ ಭರಣಿಯ ಕಥೆ ಹೇಳಿ ಮುಗಿಸುತ್ತೇನೆ. ಕೊಳೆತ ಭಾಗ ಕತ್ತರಿಸಿದಾಗ ಹೆಬ್ಬೆರಳಿನಷ್ಟು ಗಡ್ಡೆ ಉಳಿದಿತ್ತು. ಭರಣಿ ತೊಳೆದು ಒಣಗಿಸಿ, ತಳಕ್ಕೆ ಎರಡು ಬೆರಳು ಸಣ್ಣ ಜಲ್ಲಿ, ಮೇಲೆ ತೆಳ್ಳಗೆ ಇದ್ದಿಲ ಚೂರು, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಹಾಕಿದೆ. ಗಡ್ಡೆ ನೆಟ್ಟು, ಪಕ್ಕದಲ್ಲಿ ಪಾಚಿ ಒತ್ತಿ, ನಾಲ್ಕೈದು ಚಮಚ ನೀರು ಹಾಕಿ ಮುಚ್ಚಿದೆ. ನೇರ ಬಿಸಿಲು ಬೀಳದ, ಬೆಳಕಿರುವ ಕಿಟಕಿಯ ಪಕ್ಕ ಇಟ್ಟೆ. ಬಿಸಿಲಿಗಿಟ್ಟರೆ ಭರಣಿಯೊಳಗೆ ಗಿಡ ಬೇಯುತ್ತದೆ. ಬೆಳಿಗ್ಗೆ ಗಾಜಿಗೆ ಸ್ವಲ್ಪ ಹನಿ ಕಟ್ಟಿ ಮಧ್ಯಾಹ್ನ ಕರಗಿದರೆ ನೀರು ಸರಿಯಾಗಿದೆ ಎಂದರ್ಥ. ದಿನವಿಡೀ ಮಂಜು ಮುಸುಕಿದ್ದರೆ ಒಂದೆರಡು ಗಂಟೆ ಮುಚ್ಚಳ ತೆಗೆದಿಡಿ. ಹನಿಯೇ ಕಾಣದಿದ್ದರೆ ಒಂದು ಚಮಚ ನೀರು ಸಾಕು. ಹಳದಿ ಎಲೆ ಕಂಡ ಕೂಡಲೇ ತೆಗೆಯಿರಿ. ಉಳಿದಂತೆ ಸುಮ್ಮನಿರುವುದೇ ದೊಡ್ಡ ಆರೈಕೆ. ನನಗೆ ಕಷ್ಟವಾದದ್ದೂ ಅದೇ.

ಭರಣಿ ಗಿಡವನ್ನು ಉಳಿಸುತ್ತದೆ, ನಮ್ಮನ್ನಲ್ಲ. ಕೆಟ್ಟ ವಾಸನೆ ಬಂದ ರಾತ್ರಿ ಮಗಳು ಕೆಮ್ಮುವಾಗ ಆ ಗಾಜಿನೊಳಗಿನ ಹಸಿರನ್ನು ನೋಡಿದರೆ ಸಂತೋಷದ ಜೊತೆ ಸಂಕಟವೂ ಆಗುತ್ತದೆ. ಡಾಕ್ಟರಿಗೂ ಹಾಗೇ ಆಗಿರಬೇಕು.

ಹದಿನಾಲ್ಕು ತಿಂಗಳಾಯಿತು. ಗಿಡಕ್ಕೀಗ ಏಳು ಎಲೆ, ಪಕ್ಕದಲ್ಲೊಂದು ಮರಿ. ಭರಣಿಯ ಮುಚ್ಚಳ ತೆಗೆದರೆ ಅಮ್ಮನ ಬಾವಿಕಟ್ಟೆಯ ಮಣ್ಣಿನ ವಾಸನೆ ಬರುತ್ತದೆ. ಮರಿಯನ್ನು ಬೇರೆ ಮಾಡಿ ಕೊಡಬೇಕೆಂದಿದ್ದೇನೆ. ನಮ್ಮ ಮಹಿಳಾ ವಿಭಾಗದ ಮುಂದಿನ ಕೂಟಕ್ಕೆ ಯಾರಾದರೂ ಒಂದು ಖಾಲಿ ಭರಣಿ ತನ್ನಿ.