ಸಿಗ್ನಲ್ ಕಟ್ ಮಾಡಿದ ಡಾಕ್ಟರ್

ನಾವು ಸೆಕೆಂಡ್ ಇಯರ್‌ನವರು ದಿನಾ ಸಿಗ್ನಲ್, ರಿಸೀವರ್ ಅಂತ ತಲೆ ಕೆಡಿಸಿಕೊಳ್ತೀವಿ. ನಮ್ಮ ದೇಹದೊಳಗೂ ಅದೇ ನಡೀತಿರುತ್ತೆ. ಹಾರ್ಮೋನ್ ಅಂದರೆ ರಕ್ತದಲ್ಲಿ ಹರಿಯುವ ಸಿಗ್ನಲ್. ಜೀವಕೋಶದಲ್ಲಿರುವ ರಿಸೆಪ್ಟರ್ ಅದರ ರಿಸೀವರ್. ಹಾರ್ಮೋನ್ ಎಂಬ ಹೆಸರು ಬಂದದ್ದು 1905ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಈ ಸಿಗ್ನಲ್ ನಿಲ್ಲಿಸಿ ಕ್ಯಾನ್ಸರ್ ತಡೆಯಲು ಹೊರಟವರು ಜಾರ್ಜ್ ಥಾಮಸ್ ಬೀಟ್ಸನ್.

ಬೀಟ್ಸನ್ ಹುಟ್ಟಿದ್ದು 1848ರಲ್ಲಿ, ಶ್ರೀಲಂಕಾದಲ್ಲಿ. ತಂದೆ ಸೇನೆಯ ವೈದ್ಯರು. ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿದ ಮೇಲೆ, ಸ್ಕಾಟ್ಲೆಂಡಿನ ಪಶ್ಚಿಮದ ಒಂದು ಹಳ್ಳಿಗಾಡಿನಲ್ಲಿ ಮಾನಸಿಕ ಕಾಯಿಲೆಯವರೊಬ್ಬರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬೇಕಾದಷ್ಟು ಬಿಡುವಿತ್ತು. ಪಕ್ಕದಲ್ಲೇ ಕುರಿ ಫಾರ್ಮ್ ಇತ್ತು. ಎದೆಹಾಲು ಹೇಗೆ ಬರುತ್ತೆ ಅನ್ನೋದನ್ನೇ ಥೀಸಿಸ್‌ಗೆ ವಿಷಯ ಮಾಡಿಕೊಂಡರು. ಆಗ ಅವರಿಗೆ ಒಂದು ಸಂಗತಿ ಗೊತ್ತಾಯಿತು: ಕೆಲವು ದೇಶಗಳ ರೈತರು ಕರು ಹಾಕಿದ ಹಸುವಿನ ಅಂಡಾಶಯ ತೆಗೆಸುತ್ತಿದ್ದರು, ಹಾಲು ಬಹಳ ಕಾಲ ಬರಲಿ ಅಂತ. ಅಂಡಾಶಯ ಎಲ್ಲಿ, ಕೆಚ್ಚಲು ಎಲ್ಲಿ! ಎರಡಕ್ಕೂ ಏನೋ ನಂಟಿದೆ ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತು.

ಸುಮಾರು ಇಪ್ಪತ್ತು ವರ್ಷದ ನಂತರ, 1895ರಲ್ಲಿ, ಗ್ಲಾಸ್ಗೋದಲ್ಲಿ ಸರ್ಜನ್ ಆಗಿದ್ದ ಅವರ ಬಳಿ 33 ವರ್ಷದ ಹೆಂಗಸೊಬ್ಬರು ಬಂದರು. ಸ್ತನ ಕ್ಯಾನ್ಸರ್. ಆಪರೇಷನ್ ಆಗಿದ್ದರೂ ಗೆಡ್ಡೆ ಮತ್ತೆ ಬೆಳೆದಿತ್ತು. ಬೀಟ್ಸನ್ ಆಕೆಯ ಅಂಡಾಶಯಗಳನ್ನು ತೆಗೆದರು. ಎಂಟು ತಿಂಗಳಲ್ಲಿ ಗೆಡ್ಡೆ ಕಾಣದಂತಾಯಿತು. 1896ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬರೆದರು. ಆದರೆ ಕ್ಯಾನ್ಸರ್ ಮರಳಿ ಬಂತು, 1899ರಲ್ಲಿ ಆಕೆ ತೀರಿಕೊಂಡರು. ಸಿಕ್ಕಿದ್ದು ಸುಮಾರು ನಾಲ್ಕು ವರ್ಷ. ಬೇರೆ ಸರ್ಜನ್‌ಗಳೂ ಮಾಡಿ ನೋಡಿದರು. ಫಲ ಸಿಕ್ಕಿದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ.

ಬೀಟ್ಸನ್ 1933ರಲ್ಲಿ ತೀರಿಕೊಂಡರು. ಉತ್ತರ ಸಿಕ್ಕಿದ್ದು ಆಮೇಲೆ. 1950ರ ದಶಕದ ಕೊನೆಗೆ ಅಮೆರಿಕದ ಎಲ್ವುಡ್ ಜೆನ್ಸನ್ ಈಸ್ಟ್ರೋಜನ್ ಹಾರ್ಮೋನಿನ ರಿಸೆಪ್ಟರ್ ಗುರುತಿಸಿದರು. ರಿಸೀವರ್ರೇ ಇಲ್ಲದ ಗೆಡ್ಡೆಗೆ ಸಿಗ್ನಲ್ ನಿಲ್ಲಿಸಿ ಏನು ಪ್ರಯೋಜನ?

ಈ ಸಿಗ್ನಲ್ ಗೆಡ್ಡೆಯನ್ನು ಬೆಳೆಸೋದಷ್ಟೇ ಅಲ್ಲ, ಜೀವಕೋಶಗಳ ಓಡಾಟವನ್ನೂ ಬದಲಿಸುತ್ತೆ. ಲ್ಯಾಬ್‌ನಲ್ಲಿ ಕೆಲವು ಸ್ತನ ಕ್ಯಾನ್ಸರ್ ಕೋಶಗಳಿಗೆ ಈಸ್ಟ್ರೋಜನ್ ಕೊಟ್ಟರೆ, ನಿಮಿಷಗಳಲ್ಲೇ ಒಳಗಿನ ಆಕ್ಟಿನ್ ಎಳೆಗಳು ಜಾಗ ಬದಲಿಸಿ ಕೋಶ ಮುಂದೆ ಚಾಚಿಕೊಳ್ಳುತ್ತೆ. ಇನ್ನು ಕೆಲವು ಕಡೆ ಉಲ್ಟಾ: ಅದೇ ರಿಸೆಪ್ಟರ್ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ನೆರವಾಗುತ್ತೆ, ಅದು ಹೋದರೆ ಕೋಶಗಳು ಬಿಡಿಬಿಡಿಯಾಗಿ ಅಲೆಯುತ್ತವೆ. ಬರೀ ಆನ್-ಆಫ್ ಸ್ವಿಚ್ ಅಲ್ಲ ಇದು. ಕ್ಯಾನ್ಸರ್ ಹೆಚ್ಚಾಗಿ ಕೊಲ್ಲೋದು ಹೀಗೆ ಹೊರಟು ಬೇರೆ ಅಂಗ ಸೇರಿದಾಗಲೇ. ಬೀಟ್ಸನ್ ಹೆಸರಿನಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ ಸಂಸ್ಥೆ ಹಲವು ವರ್ಷ ಕೋಶಗಳ ಈ ಓಡಾಟವನ್ನೇ ಅಧ್ಯಯನ ಮಾಡಿತು.

ಸಿಲಬಸ್‌ನಲ್ಲಿ ಇಲ್ಲದ್ದು ಯಾಕೆ ಓದಬೇಕು ಅಂತ ನಾವು ಕೇಳ್ತಾನೇ ಇರ್ತೀವಿ. ಹಸುವಿನ ಹಾಲಿನ ಬಗ್ಗೆ ಓದಿದ ಡಾಕ್ಟರ್ ಒಬ್ಬರಿಂದ ಒಬ್ಬ ಹೆಂಗಸಿಗೆ ನಾಲ್ಕು ವರ್ಷ ಬದುಕು ಸಿಕ್ಕಿತು. ನಮಗೆ ಅಷ್ಟು ಉತ್ತರ ಸಾಕು.